ಹಗ್ಗಕ್ಕೊಂದು ಗೇಣು

ಇನ್ನೂ ಪೆನ್‌ಡ್ರೈವ್ ಚುಚ್ಚಿಲ್ಲ.
ಕಲಾಸಿಪಾಳ್ಯದ ಬುಕಿಂಗ್ ಆಫೀಸಿನ ಅಟ್ಟದಲ್ಲಿ,
ಗೋಣಿದಾರ, ಡೀಸೆಲ್ ವಾಸನೆಯ ನಡುವೆ ಕೂತು
ಹಳೇ ಬಿಲ್ಟಿಯ ಬೆನ್ನಿಗೆ ಚೌಕ ಬರೆಯುತ್ತಿದ್ದೇನೆ.
ಪೆನ್ಸಿಲ್ಲೇ ಬೇಕು.
ಈ ಕೆಲಸದಲ್ಲಿ ಹಿಗ್ಗಿಸುವುದು ಒಂದು ಸಾಲಿನ ಮಾತು,
ಕುಗ್ಗಿಸುವುದೆಂದರೆ
ಎಲ್ಲ ಇಳಿಸಿ, ಎಲ್ಲ ಮತ್ತೆ ಹೇರುವುದು.

ಎರಡು ಡಿಸ್ಕು, ಒಂದಕ್ಕೊಂದು ಕನ್ನಡಿ.
ಎರಡಿದ್ದರೂ ಲೆಕ್ಕಕ್ಕೆ ಒಂದೇ;
ಒಂದು ಸತ್ತ ದಿನ ಇನ್ನೊಂದು
ಅದೇ ಮುಖ ಹೊತ್ತು ಗಲ್ಲಾದ ಮುಂದೆ ಕೂರಲಿ ಎಂದು.
ಡಬ್ಬದ ಮೇಲೆ ಸಾವಿರ ಜಿಬಿ,
ಒಳಗೆ ಎಣಿಸಿದರೆ ಒಂಬೈನೂರ ಮೂವತ್ತೊಂದು.
"ತೂಕದಲ್ಲಿ ಹೊಡೆದವ್ನೆ," ಎಂದರು ಇನಾಯತ್ ಸಾಬರು,
ಮೂವತ್ತು ವರ್ಷ ವೇಬ್ರಿಡ್ಜಿನ ಚೀಟಿ ನೋಡಿದ ಕಣ್ಣು.
ಅವರ ಸೇರು ಬೇರೆ, ನಮ್ಮ ಸೇರು ಬೇರೆ ಸಾಬ್ರೇ, ಎಂದೆ.
ನಂಬಲಿಲ್ಲ.

ಬೂಟಿಗೆ ಒಂದು, ಕೀಲಿ ತಿರುಗುವಷ್ಟು.
ರೂಟಿಗೆ ನಲವತ್ತು.
ಸ್ವಾಪಿಗೆ ಹದಿನಾರು: ಕ್ಯಾಬಿನ್ನಿನ ಹಿಂದಿನ ಹಲಗೆ,
ಕ್ಲೀನರ್ ಹುಡುಗ ಕಾಲು ಮಡಚಿ ಮಲಗುವ ಜಾಗ.
ದಿನಾ ಅಲ್ಲೇ ಮಲಗಿದರೆ ಗಾಡಿಗೆ ಏನೋ ಕಾಯಿಲೆ,
ಇಲ್ಲವೇ ಇಲ್ಲದಿದ್ದರೆ ಘಾಟಿಯಲ್ಲಿ ಗೊತ್ತಾಗುತ್ತದೆ.
ಹೋಮಿಗೆ ಹದಿನಾಲ್ಕು.
(ಪಾದರಾಯನಪುರದಲ್ಲಿ ನಾವು ಐದು ಜನ
ನಾಲ್ಕೂವರೆ ಚದರದಲ್ಲಿದ್ದೇವೆ.
ಹೋಮು ಎಂದು ಬರೆದಾಗಲೆಲ್ಲ ನಗು ಬರುತ್ತದೆ.)
ಯಾರ ಮಾಲು, ಎಲ್ಲಿಗೆ, ಎಷ್ಟು ಬಾಕಿ
ಎಂಬ ಇಡೀ ಸಂಸಾರಕ್ಕೆ ಐನೂರು.

ಲಾಗಿಗೆ?
ಇಲ್ಲಿ ಪೆನ್ಸಿಲ್ ನಿಂತಿತು.

ಹೋದ ಆಷಾಢ, ರಾತ್ರಿ ಎರಡೂಕಾಲು.
ಹಳೇ ಸರ್ವರಿಗೆ ಗೋಡೆಯೇ ಇರಲಿಲ್ಲ,
ಎಲ್ಲ ಒಂದೇ ಹಾಲು, ಯಾರೋ ಅವಸರದಲ್ಲಿ ಹಾಕಿಹೋದದ್ದು.
ಮೂಲೆಯ ಪ್ರಿಂಟರೊಂದು ಕಾಗದವಿಲ್ಲ, ಕಾಗದವಿಲ್ಲ ಎಂದು
ಹನ್ನೊಂದು ತಿಂಗಳು ದೂರುತ್ತಿತ್ತು.
ದೂರನ್ನು ಯಾರೂ ಓದಲಿಲ್ಲ;
ಸರ್ವರು ಮಾತ್ರ ನಿಷ್ಠೆಯಿಂದ ಬರೆದುಕೊಂಡಿತು,
ಕ್ಷಣಕ್ಕೊಂದು ಸಾಲು,
ಗೋಡೆಯಿಂದ ಗೋಡೆಗೆ, ನೆಲದಿಂದ ಸೂರಿಗೆ.
ಕೊನೆಗೆ
ಜಾಗವಿಲ್ಲ ಎಂದು ಬರೆಯಲೂ
ಜಾಗವಿರಲಿಲ್ಲ.

ಕೋಟೆಯ ತಿರುವಿನವರೆಗೂ ಲಾರಿ ಸಾಲು.
ಟಾರ್ಚ್ ಬಾಯಲ್ಲಿ ಕಚ್ಚಿ ಬಿಲ್ಟಿ ಬರೆದರು ಸಾಬರು.
ಹುಬ್ಬಳ್ಳಿಗೆ ಹೊರಟಿದ್ದ ಚೆಂಡುಹೂವು
ಮೂಟೆಯಲ್ಲೇ ಬೆವೆತು, ಬೆಳಗಿಗೆ ಕಂದಾಗಿತ್ತು.
ಆ ವಾಸನೆಗೆ ಜಿಬಿ ಎಷ್ಟು?

ಅರವತ್ತು, ಎಂದು ಬರೆದೆ.
ಅದರ ಸುತ್ತ ಗೆರೆಯನ್ನು ಎರಡು ಸಲ ಎಳೆದೆ.
ತುಂಬಿದರೆ ಅದು ತನ್ನ ಕೋಣೆಯಲ್ಲೇ ಉಸಿರು ಕಟ್ಟಲಿ.

ಉಳಿದದ್ದು ಮುನ್ನೂರು.
ಖಾಲಿ ಚೌಕ. ಹೆಸರಿಲ್ಲ.
"ಇದ್ಯಾಕೆ ಬಿಟ್ಟಿದ್ದೀಯಾ? ದುಡ್ಡು ಕೊಟ್ಟಿಲ್ವಾ?
ಮುಕ್ಕಾಲು ಲೋಡಿಗೆ ಗಾಡಿ ಹೊರಡಿಸಿದ್ರೆ
ಟೋಲಿಗೂ ಗಿಟ್ಟಲ್ಲಮ್ಮ."
ಯಾವುದಕ್ಕೆ ಯಾವಾಗ ಬೇಕಾಗುತ್ತದೋ ಈಗ ಗೊತ್ತಿಲ್ಲ,
ಬೇಕಾದವರಿಗೆ ಆಗ ಕೊಡೋಣ ಎಂದರೆ
ಗೊತ್ತಿಲ್ಲ ಅನ್ನೋಕೆ ನಿನಗೆ ಫೀಸಾ, ಎಂದರು.
ನನ್ನಲ್ಲೂ ಉತ್ತರವಿರಲಿಲ್ಲ.

ಏಣಿಯ ಮೇಲೆ ಅರ್ಧ ಬಂದು ನಿಂತಿದ್ದ ಕದಿರಪ್ಪ,
ಬೆಳಗಿನಿಂದ ಅಕ್ಕಿ ಇಳಿಸಿ ಹುಬ್ಬೆಲ್ಲ ಬಿಳಿ.
ಕಾಗದವನ್ನು ತಲೆಕೆಳಗಾಗಿ ಹಿಡಿದು ನೋಡಿದ.
"ಲೋಡಾ ಮೇಡಂ ಇದು?"
ಹೂಂ, ಲೋಡೇ.
"ಸರಿಯಾಗೈತೆ.
ಅಂಚಿಗಂಟ ತುಂಬಿದ್ರೆ
ಹಗ್ಗ ಎಲ್ಲಿ ತೂರಿಸ್ತೀರ?
ಕೈ ಹೋಗೋಕೆ ಒಂದು ಗೇಣು ಬೇಕು.
ಬಿಡದೆ ಕಟ್ಟಿದ ಗಾಡಿ ನೆಲಮಂಗಲ ದಾಟಲ್ಲ."

ಸಾಬರು ಏನೂ ಹೇಳಲಿಲ್ಲ.
ಇಬ್ಬರಿಗೂ ಅಂತ ಚಾ ಹೇಳಿ, ತಡೆದು, ಮೂರು ಎಂದರು.

ಕೆಳಗೆ ಯಾವುದೋ ಗಾಡಿಗೆ ಟಾರ್ಪಾಲು ಬಿಗಿಯುತ್ತಿದ್ದಾರೆ;
ಎಳೆದ ಹಗ್ಗ ಒಂದು ಸಲ ಗುಂಯ್ ಎಂದಿತು.
ಪೆನ್‌ಡ್ರೈವ್ ಚುಚ್ಚುವ ಮುಂಚೆ
ಬಿಲ್ಟಿಯನ್ನು ಮಡಚಿ, ಮತ್ತೆ ಬಿಚ್ಚಿ,
ಖಾಲಿ ಚೌಕದೊಳಗೆ
ಸಣ್ಣಗೆ ಬರೆದೆ:
ಹಗ್ಗ.